ಭವಾವಳಿಯನ್ನು ಬಿಟ್ಟು ಪುರಾಣವನ್ನು ಓದಬಹುದೇ?

ಆದಿಪುರಾಣವನ್ನು ಪಾಠ ಹೇಳುವಲ್ಲಿ ನಮ್ಮ ಕಾಲೇಜುಗಳಲ್ಲಿ ಒಂದು ರೂಢಿ ಬೇರೂರಿದೆ. ನೀಲಾಂಜನೆಯ ನೃತ್ಯ, ಭರತ-ಬಾಹುಬಲಿಯರ ಪ್ರಸಂಗ, ಹೆಚ್ಚೆಂದರೆ ಲಲಿತಾಂಗನ ದುಃಖ, ಇಷ್ಟನ್ನು ಆಯ್ದುಕೊಂಡು ಮಿಕ್ಕುದನ್ನು ‘ತೀರ್ಥಂಕರನ ಹಿಂದಿನ ಜನ್ಮಗಳ ಕಥೆ’ ಎಂಬ ಒಂದು ವಾಕ್ಯದಲ್ಲಿ ಮುಗಿಸುವುದೇ ಆ ರೂಢಿ. ಜನ್ನನ ಯಶೋಧರ ಚರಿತೆಗೂ ಇದೇ ಗತಿ. ಅಮೃತಮತಿಯ ಮನಸ್ಸಿನ ಮೇಲೆ ಪುಟಗಟ್ಟಲೆ ಚರ್ಚೆ ನಡೆಯುತ್ತದೆ. ನವಿಲಾಗಿ, ನಾಯಿಯಾಗಿ, ಮೀನಾಗಿ, ಮೊಸಳೆಯಾಗಿ ತೊಳಲಿದ ಜೀವಗಳ ಕಥೆಗೆ ‘ಧಾರ್ಮಿಕ ಭಾಗ’ ಎಂಬ ಹಣೆಪಟ್ಟಿ ಅಂಟುತ್ತದೆ. ಈ ರೂಢಿಯನ್ನು ಕಾಲಾವಕಾಶದ ಕೊರತೆಯೆಂದು ಕ್ಷಮಿಸಿಬಿಡಬಹುದಾಗಿತ್ತು. ಆದರೆ ಅದರ ಹಿಂದೆ ಒಂದು ವಿಮರ್ಶೆಯ ನಿಲುವಿದೆ: ಕಾವ್ಯ ಬೇರೆ, ಭವಾವಳಿ ಬೇರೆ, ಕವಿ ಮೊದಲನೆಯದನ್ನು ಪ್ರತಿಭೆಯಿಂದ ಬರೆದ, ಎರಡನೆಯದನ್ನು ಮತನಿಷ್ಠೆಗಾಗಿ ಹೊತ್ತ ಎಂಬುದು ಆ ನಿಲುವು. ಅದು ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪುನರ್ಜನ್ಮವನ್ನು ನಂಬಿದವರು ಮಾತ್ರ ಪಂಪನನ್ನು ಓದಬಲ್ಲರು ಎಂಬ ವಾದ ನನ್ನದಲ್ಲ. ಗ್ರೀಕ್ ದೇವತೆಗಳನ್ನು ಪೂಜಿಸದೆಯೂ ಹೋಮರನನ್ನು ಓದಬಹುದು. ಆದರೆ ಆ ದೇವತೆಗಳನ್ನು ಕತ್ತರಿಸಿ ತೆಗೆದ ಇಲಿಯಡ್ ಹೋಮರನದಾಗಿ ಉಳಿಯುವುದಿಲ್ಲ. ನಂಬುವುದು ಬಿಡುವುದು ಓದುಗನ ಸ್ವಾತಂತ್ರ್ಯ. ಕೃತಿ ಯಾವ ತತ್ತ್ವದ ಮೇಲೆ ನಿಂತಿದೆಯೋ ಅದನ್ನು ಅರಿಯುವುದು ಓದುಗನ ಹೊಣೆ.

ಇನ್ನು ಆ ತತ್ತ್ವದ ವಿಚಾರ. ಭವಾವಳಿಯನ್ನು ವಿವರಿಸಬೇಕಾಗಿ ಬಂದಾಗ ಅನೇಕ ಅಧ್ಯಾಪಕರು ಭಗವದ್ಗೀತೆಯ ಹಳೆಯ ಬಟ್ಟೆಯ ಹೋಲಿಕೆಯನ್ನು ಎರವಲು ತರುತ್ತಾರೆ. ದೇಹವೆಂಬ ಬಟ್ಟೆ ಬದಲಾಗುತ್ತದೆ, ತೊಟ್ಟವನು ಬದಲಾಗುವುದಿಲ್ಲ ಎಂಬುದು ಅದರ ಅಭಿಪ್ರಾಯ. ಗೀತೆಯ ಸಂದರ್ಭದಲ್ಲಿ ಅದು ಸಂಗತವೇ. ಆದರೆ ಜೈನ ಪುರಾಣಕ್ಕೆ ಅದನ್ನು ತೊಡಿಸಿದರೆ ಪುರಾಣದ ಅರ್ಥವೇ ತಿರುಚಿಹೋಗುತ್ತದೆ. ಜೈನರ ಜೀವವು ನಿರ್ವಿಕಾರವಾದ ಸಾಕ್ಷಿಯಲ್ಲ. ಅದು ಕರ್ತೃ, ಅದೇ ಭೋಕ್ತೃ. ಉಪಯೋಗ, ಎಂದರೆ ಅರಿಯುವ ಮತ್ತು ಕಾಣುವ ವ್ಯಾಪಾರ, ಅದರ ಲಕ್ಷಣ. ಸಂಖ್ಯೆಯಲ್ಲಿ ಜೀವಗಳು ಅನಂತ. ಮುಕ್ತವಾದ ಮೇಲೂ ಅವು ಒಂದರಲ್ಲೊಂದು ಲಯವಾಗುವುದಿಲ್ಲ. ದೀಪದ ಬೆಳಕು ಗಡಿಗೆಯಲ್ಲಿ ಗಡಿಗೆಯಷ್ಟಕ್ಕೆ, ಕೋಣೆಯಲ್ಲಿ ಕೋಣೆಯಷ್ಟಕ್ಕೆ ಹರಡುವಂತೆ ಜೀವವು ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು ವ್ಯಾಪಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ದ್ರವ್ಯರೂಪದಲ್ಲಿ ನಿತ್ಯವಾದ ಈ ಜೀವ ಪರ್ಯಾಯರೂಪದಲ್ಲಿ ಕ್ಷಣಕ್ಷಣಕ್ಕೂ ಪರಿಣಮಿಸುತ್ತದೆ ಎಂಬುದು. ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಅದಕ್ಕೆ ಒಟ್ಟಿಗೆ ಸಲ್ಲುತ್ತವೆ. ಬಟ್ಟೆಯೊಡನೆ ತೊಟ್ಟವನೂ ಬದಲಾಗುತ್ತಾನೆ; ಬದಲಾಗುತ್ತಲೂ ಅವನೇ ಆಗಿರುತ್ತಾನೆ.

ಕಾವ್ಯದ ದೃಷ್ಟಿಯಿಂದ ಈ ವ್ಯತ್ಯಾಸ ಸಣ್ಣದಲ್ಲ. ಬದಲಾಗದ ಆತ್ಮಕ್ಕೆ ಚರಿತ್ರೆಯಿರುವುದಿಲ್ಲ, ಚರಿತ್ರೆಯೇನಿದ್ದರೂ ದೇಹಗಳದು. ಪರಿಣಾಮಿಯಾದ ಜೀವಕ್ಕೆ ಮಾತ್ರ ಚರಿತ್ರೆಯುಂಟು. ಭವಾವಳಿ ಎಂಬುದು ಆ ಚರಿತ್ರೆಯನ್ನು ಬರೆಯಲು ಜೈನ ಕವಿಗಳು ಕಂಡುಕೊಂಡ ರೂಪ.

ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣ ಆಕರ. ಅಲ್ಲಿ ವೃಷಭನಾಥನ ಜೀವದ ಪಯಣ ಸೋಲಿನಿಂದ ಮೊದಲಾಗುತ್ತದೆ. ತಂದೆ ತನ್ನನ್ನು ಬಿಟ್ಟು ತಮ್ಮನಿಗೆ ಪಟ್ಟ ಕಟ್ಟಿದುದರಿಂದ ನೊಂದ ಜಯವರ್ಮ ದೀಕ್ಷೆ ಹಿಡಿಯುತ್ತಾನೆ. ಆದರೆ ಆಕಾಶದಲ್ಲಿ ಹಾದುಹೋಗುವ ವಿದ್ಯಾಧರನ ವೈಭವವನ್ನು ಕಂಡು ಅಂಥ ಭೋಗ ತನಗೂ ಬರಲೆಂದು ನಿದಾನ ಮಾಡಿಕೊಳ್ಳುತ್ತಾನೆ. ತಪಸ್ಸಿಗೆ ಪ್ರತಿಫಲವನ್ನು ಬೇಡುವುದೇ ನಿದಾನ. ಬೇಡಿದ್ದು ಸಿಕ್ಕಿ ಅವನು ವಿದ್ಯಾಧರ ಮಹಾಬಲನಾಗುತ್ತಾನೆ. ತೀರ್ಥಂಕರನಾಗಲಿರುವ ಜೀವದ ಕಥೆಯನ್ನು ಅಸೂಯೆ, ಆಸೆಗಳಿಂದ ಆರಂಭಿಸುವ ಈ ಧೈರ್ಯವನ್ನು ನಾವು ಗಮನಿಸಿದ್ದೇವೆಯೇ?

ಮಹಾಬಲನ ಆಸ್ಥಾನದಲ್ಲಿ ನಾಲ್ವರು ಮಂತ್ರಿಗಳು. ಮಹಾಮತಿ ಭೂತವಾದಿ: ನಾಲ್ಕು ಭೂತಗಳ ಕೂಟವನ್ನು ಬಿಟ್ಟರೆ ಬೇರೆ ಜೀವವಿಲ್ಲ ಎನ್ನುವವನು. ಸಂಭಿನ್ನಮತಿ ವಿಜ್ಞಾನವಾದಿ, ಶತಮತಿ ಶೂನ್ಯವಾದಿ. ಸ್ವಯಂಬುದ್ಧನೊಬ್ಬನೇ ಜೀವದ ಅಸ್ತಿತ್ವವನ್ನು ಪ್ರತಿಪಾದಿಸುವವನು. ರಾಜನ ಆಯುಷ್ಯ ಮುಗಿಯುತ್ತಿರುವಾಗ ಅವನ ಸುತ್ತ ನಡೆಯುವ ಈ ವಾದ ‘ಜೀವವಿದೆಯೇ?’ ಎಂಬ ಪ್ರಶ್ನೆಯನ್ನು ಪುರಾಣದ ಬಾಗಿಲಲ್ಲೇ ನಿಲ್ಲಿಸುತ್ತದೆ. ಭವಾವಳಿಯನ್ನು ಪ್ರಶ್ನಿಸದೆ ಒಪ್ಪಿಕೊಂಡ ಮುಗ್ಧ ನಂಬಿಕೆಯೆನ್ನುವವರು ಈ ಸನ್ನಿವೇಶವನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ಪೂರ್ವಪಕ್ಷವನ್ನು ಮುಂದಿಟ್ಟು, ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಕಥೆ ಮುಂದುವರಿಯುತ್ತದೆ.

ಪ್ರತಿವಾದಿಗಳಿಗೆ ಜಿನಸೇನರು ದುರ್ಗತಿಯನ್ನು ವಿಧಿಸುತ್ತಾರೆ. ಶತಮತಿ ನರಕಕ್ಕೆ ಬೀಳುತ್ತಾನೆ. ಇದರಲ್ಲಿ ಮತೀಯ ಆವೇಶವಿಲ್ಲವೆಂದು ನಾನು ವಾದಿಸಲಾರೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮಹಾಬಲನ ಜೀವ ಮುಂದೆ ಶ್ರೀಧರದೇವನಾದಾಗ ನರಕಕ್ಕೇ ಹೋಗಿ ತನ್ನ ಹಳೆಯ ಮಂತ್ರಿಗೆ ಬೋಧೆ ನೀಡುತ್ತದೆ. ಆ ಜೀವವೂ ಮೇಲೇಳುತ್ತದೆ. ಅದಕ್ಕೂ ಮೊದಲು ಭೋಗಭೂಮಿಯಲ್ಲಿ ಸುಖದಲ್ಲಿ ಮೈಮರೆತಿದ್ದ ಇದೇ ಜೀವಕ್ಕೆ ಸಮ್ಯಕ್ತ್ವವನ್ನು ಬೋಧಿಸಲು ಬರುವ ಚಾರಣಮುನಿ ಪೂರ್ವದ ಸ್ವಯಂಬುದ್ಧನೇ. ಒಂದು ಸಭೆಯಲ್ಲಿ ತೊಡಗಿದ ಸಂವಾದ ಹಲವು ಜನ್ಮಗಳಿಗೆ ಹಬ್ಬುವ ಈ ಕಟ್ಟಡವನ್ನು ‘ಅಡ್ಡಕಥೆಗಳ ಕಂತೆ’ ಎನ್ನುವುದು ಹೇಗೆ?

ಈಗ ಪಠ್ಯಗಳಲ್ಲಿ ಬಿಡಿಯಾಗಿ ಸಿಗುವ ಪ್ರಸಂಗಗಳನ್ನೇ ತೆಗೆದುಕೊಳ್ಳೋಣ. ವಜ್ರಜಂಘ, ಶ್ರೀಮತಿಯರು ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ, ಗವಾಕ್ಷಗಳನ್ನು ತೆರೆಯಲು ಪರಿಚಾರಕರು ಮರೆತುದರಿಂದ, ಒಟ್ಟಿಗೇ ಅಸುನೀಗುತ್ತಾರೆ. ಬಿಡಿಯಾಗಿ ಓದಿದರೆ ಇದೊಂದು ಪ್ರಣಯದುರಂತ. ಆದರೆ ಶ್ರೀಮತಿಯ ಜೀವ ಅಲ್ಲಿಗೆ ಮುಗಿಯುವುದಿಲ್ಲ. ಪತಿಯ ಜೀವ ಸುವಿಧಿಯಾದಾಗ ಅದು ಅವನ ಮಗ ಕೇಶವನಾಗುತ್ತದೆ. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನಾಗಿ ಹುಟ್ಟುತ್ತದೆ. ದೀಕ್ಷೆ ಹಿಡಿದ ವೃಷಭನಾಥನಿಗೆ ಆಹಾರ ನೀಡುವ ವಿಧಿಯನ್ನರಿಯದ ಜನ ಆನೆ, ಕುದುರೆ, ರತ್ನಗಳನ್ನು ತಂದೊಪ್ಪಿಸುತ್ತಿದ್ದಾಗ ಶ್ರೇಯಾಂಸನಿಗೆ ಜಾತಿಸ್ಮರಣೆಯಾಗುತ್ತದೆ. ಶ್ರೀಮತಿಯಾಗಿದ್ದಾಗ ಪತಿಯೊಡನೆ ಚಾರಣಮುನಿಗಳಿಗೆ ಆಹಾರವಿತ್ತುದು ನೆನಪಾಗುತ್ತದೆ. ಕಬ್ಬಿನ ರಸವನ್ನು ನೀಡುತ್ತಾನೆ. ಜೈನರು ಇಂದಿಗೂ ಅಕ್ಷಯತೃತೀಯೆಯಂದು ಸ್ಮರಿಸುವ ದಾನವಿದು. ಒಮ್ಮೆ ಹೆಂಡತಿಯಾಗಿ ಪ್ರೀತಿಸಿದ ಜೀವವೇ ಈಗ ನಿಸ್ಪೃಹ ದಾನಿಯಾಗಿ ಅದೇ ಜೀವದ ಹಸಿವನ್ನು ನೀಗುತ್ತದೆ. ಅನುರಾಗವು ಅನುಗ್ರಹವಾಗಿ ಪರಿಣಮಿಸಿದ ಬಗೆಯನ್ನು ಕಾಣಲು ಎರಡು ತುದಿಗಳೂ ಬೇಕು. ನಾವು ವಿದ್ಯಾರ್ಥಿಗೆ ಒಂದು ತುದಿಯನ್ನು ಮಾತ್ರ ಕೊಟ್ಟಿದ್ದೇವೆ.

ನೀಲಾಂಜನೆಯ ಪ್ರಸಂಗವೂ ಹೀಗೆಯೇ. ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂಥ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾನೆ. ಸಭೆಯಲ್ಲಿ ಉಳಿದವರಾರಿಗೂ ತಿಳಿಯದುದು ವೃಷಭನಿಗೆ ಮಾತ್ರ ಏಕೆ ತಿಳಿಯಿತು? ಅವನು ಅವಧಿಜ್ಞಾನಿಯೆಂಬುದು ಶಾಸ್ತ್ರದ ಉತ್ತರ. ಕಾವ್ಯದ ಉತ್ತರ ಭವಾವಳಿಯಲ್ಲಿದೆ. ಲಲಿತಾಂಗದೇವನಾಗಿ, ಕೊರಳಿನ ಮಾಲೆ ಬಾಡಿದಾಗ, ದೇವಲೋಕದ ಆಯುಷ್ಯ ತೀರುವುದೆಂದರೇನು ಎಂಬುದನ್ನು ಈ ಜೀವ ಅನುಭವಿಸಿ ಅತ್ತಿದೆ. ಅಂದಿನ ಶೋಕವೇ ಇಂದಿನ ವೈರಾಗ್ಯವಾಗಿ ಮಾಗಿದೆ. ಲಲಿತಾಂಗನನ್ನು ಒಂದು ಸೆಮಿಸ್ಟರಿಗೆ, ನೀಲಾಂಜನೆಯನ್ನು ಇನ್ನೊಂದು ಸೆಮಿಸ್ಟರಿಗೆ ಹಂಚಿದಾಗ ಈ ಸಂಬಂಧ ಕಡಿದುಹೋಗುತ್ತದೆ. ಭರತ-ಬಾಹುಬಲಿಯರ ವಿಷಯದಲ್ಲೂ ಅಷ್ಟೇ. ಹಿಂದೆ ವಜ್ರಜಂಘನ ಆಸ್ಥಾನದಲ್ಲಿ ಭರತನ ಜೀವ ಮಂತ್ರಿ ಮತಿವರ, ಬಾಹುಬಲಿಯ ಜೀವ ಸೇನಾಪತಿ ಅಕಂಪನ. ಒಬ್ಬನೇ ಒಡೆಯನ ಸಹಸೇವಕರು. ಅದಕ್ಕೂ ಹಿಂದೆ ಭರತನ ಜೀವ ನರಕವನ್ನು ಕಂಡು ಬಂದು ಹುಲಿಯಾಗಿತ್ತು. ಇದನ್ನರಿತವನಿಗೆ ಚಕ್ರವರ್ತಿಯ ಅಹಂಕಾರ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ.

ಕ್ರಿ.ಶ. 1209ರ ಯಶೋಧರ ಚರಿತೆಯಲ್ಲಂತೂ ಭವಾವಳಿಯನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಜನ್ಮಾಂತರಗಳನ್ನು ಬಿಟ್ಟು ರಾಜ, ರಾಣಿ, ತಾಯಿ, ಮಾವುತರನ್ನು ಉಳಿಸಿಕೊಂಡರು. ಅದು ನಾಟಕಕಾರನ ಹಕ್ಕು. ಅವರು ಬರೆದದ್ದು ಹೊಸ ಕೃತಿ. ಆ ನಾಟಕದ ಕಣ್ಣಿನಿಂದಲೇ ಜನ್ನನನ್ನು ಓದಿ, ಉಳಿದುದನ್ನು ಬಾಲವೆನ್ನುವ ಹಕ್ಕು ವಿಮರ್ಶಕನಿಗಿಲ್ಲ. ಜನ್ನನ ಕಾವ್ಯದ ಚೌಕಟ್ಟನ್ನು ನೆನೆಯಿರಿ. ಚಂಡಮಾರಿಯ ಗುಡಿಯಲ್ಲಿ ಮಾರಿದತ್ತನು ಬಲಿಗೆಂದು ತರಿಸಿದ ಇಬ್ಬರು ಮಕ್ಕಳು ನಿಂತಿದ್ದಾರೆ. ಕತ್ತಿಯೆದುರು ನಿಂತ ಅಭಯರುಚಿ ಹೇಳುವ ಕಥೆಯೇ ಭವಾವಳಿ. ಅದನ್ನು ಕೇಳಿ ಮಾರಿದತ್ತ ಬಲಿಯನ್ನು ಬಿಡುತ್ತಾನೆ. ಕಾವ್ಯದ ಮುಖ್ಯ ಕ್ರಿಯೆ ಈ ನಿರೂಪಣೆಯೇ. ಕತ್ತಿಯನ್ನು ತಡೆದದ್ದು ಅದೇ.

‘ಹಿಟ್ಟಿನ ಕೋಳಿಯನ್ನು ಕೊಂದುದಕ್ಕೆ ಇಷ್ಟು ಶಿಕ್ಷೆಯೇ?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು; ಆದರೆ ‘ಶಿಕ್ಷೆ’ ಎಂಬ ಪದ ಇಲ್ಲಿ ಹೊಂದುವುದಿಲ್ಲ. ಶಿಕ್ಷಿಸಲು ಜೈನದರ್ಶನದಲ್ಲಿ ಈಶ್ವರನಿಲ್ಲ. ಕರ್ಮವೆಂಬುದು ಪುದ್ಗಲ, ಭಾವಕ್ಕೆ ತಕ್ಕಂತೆ ಜೀವಕ್ಕೆ ಅಂಟುವ ಸೂಕ್ಷ್ಮದ್ರವ್ಯ. ಹಿಟ್ಟಿಗೆ ಜೀವವಿರಲಿಲ್ಲ, ಕತ್ತಿಯೆತ್ತಿದ ಸಂಕಲ್ಪಕ್ಕೆ ಜೀವವಿತ್ತು. ಮುಂದೆ ಮಗ ಯಶೋಮತಿ ಪಿತೃಗಳ ತೃಪ್ತಿಗೆಂದು ಮಾಡುವ ಶ್ರಾದ್ಧಕ್ಕೆ ಆಡಾಗಿ ಹುಟ್ಟಿದ ತಂದೆಯೇ ಆಹಾರವಾಗುತ್ತಾನೆ. ಇದು ಕೇವಲ ವ್ಯಂಗ್ಯವಲ್ಲ, ತತ್ತ್ವದ ನೇರ ಫಲಿತ. ಜೈನಮತದಂತೆ ಜೀವವು ಒಂದು ದೇಹವನ್ನು ಬಿಟ್ಟು ಕೆಲವೇ ಸಮಯಗಳಲ್ಲಿ ಇನ್ನೊಂದನ್ನು ಸೇರುತ್ತದೆ. ‘ಸಮಯ’ವೆಂದರೆ ಕಾಲದ ಅವಿಭಾಜ್ಯ ಕಣ. ಪಿಂಡಕ್ಕಾಗಿ ಕಾದಿರುವ ಪ್ರೇತಾವಸ್ಥೆಗೆ ಅಲ್ಲಿ ಎಡೆಯೇ ಇಲ್ಲ. ಜೈನರಲ್ಲಿ ಶ್ರಾದ್ಧಕಲ್ಪನೆ ಬೆಳೆಯದುದಕ್ಕೂ ಈ ಸಿದ್ಧಾಂತಕ್ಕೂ ಇರುವ ನಂಟನ್ನು ತುಳುನಾಡಿನ ನೆಲ್ಲಿಕಾರಿನವರಾದ ಪದ್ಮನಾಭ ಜೈನಿಯವರು ವಿದ್ವತ್ಪೂರ್ಣವಾಗಿ ಚರ್ಚಿಸಿದ್ದಾರೆ.

ಕೊನೆಯ ಆಕ್ಷೇಪ ಗಂಭೀರವಾದುದು: ಪೂರ್ವಜನ್ಮದ ಮಾತೆಲ್ಲ ವಿಧಿವಾದ, ಬಡವನಿಗೆ, ಹೆಣ್ಣಿಗೆ, ಕೀಳೆನಿಸಿಕೊಂಡವನಿಗೆ ‘ಇದು ನಿನ್ನ ಕರ್ಮ’ ಎಂದು ಬಾಯಿ ಮುಚ್ಚಿಸಲು ಅದು ಬಳಕೆಯಾಗಿದೆ ಎಂಬುದು. ಬಳಕೆಯಾಗಿರುವುದು ನಿಜ. ಉಚ್ಚ, ನೀಚ ಎಂಬ ಭೇದ ಗೋತ್ರಕರ್ಮದ ವಿಭಾಗದಲ್ಲೇ ಇದೆ. ವರ್ಣವ್ಯವಸ್ಥೆಗೆ ಜಿನಸೇನರು ಪುರಾಣದೊಳಗೆ ಎಡೆಮಾಡಿಕೊಟ್ಟರು. ಸ್ತ್ರೀದೇಹದಿಂದ ಮುಕ್ತಿಯಿಲ್ಲವೆಂದು ದಿಗಂಬರ ಆಚಾರ್ಯರು ಹೇಳಿದರು. ಇವನ್ನು ಮುಚ್ಚಿಡುವುದು ವಿದ್ವಾಂಸನಿಗೆ ಭೂಷಣವಲ್ಲ. ಆದರೆ ಅದೇ ಪರಂಪರೆಯೊಳಗೆ ರಾಷ್ಟ್ರಕೂಟರ ಕಾಲದ ಯಾಪನೀಯ ಶಾಕಟಾಯನನು ಸ್ತ್ರೀಮುಕ್ತಿಯನ್ನು ತರ್ಕಬದ್ಧವಾಗಿ ಸಮರ್ಥಿಸಿದ; ಪ್ರಭಾಚಂದ್ರನು ಜನ್ಮದಿಂದ ಬರುವ ಬ್ರಾಹ್ಮಣ್ಯವೆಂಬ ಜಾತಿಯನ್ನು ಖಂಡಿಸಿದ. ಸಿದ್ಧಾಂತವಂತೂ ವಿಧಿವಾದಕ್ಕೆ ವಿರುದ್ಧವಾಗಿಯೇ ಇದೆ. ಕಟ್ಟಿಕೊಂಡ ಕರ್ಮದ ಸ್ಥಿತಿಯನ್ನು ಕುಗ್ಗಿಸುವುದು ಅಪಕರ್ಷಣ, ಒಂದು ಪ್ರಕೃತಿಯನ್ನು ಇನ್ನೊಂದಾಗಿಸುವುದು ಸಂಕ್ರಮಣ, ಕಾಲಕ್ಕೆ ಮುನ್ನವೇ ಉದಯಕ್ಕೆ ತಂದು ಕಳೆಯುವುದು ಉದೀರಣೆ. ಇಷ್ಟೆಲ್ಲ ಪರಿಭಾಷೆ ಹುಟ್ಟಿದ್ದೇ ಕರ್ಮವನ್ನು ಪುರುಷಪ್ರಯತ್ನದಿಂದ ಬದಲಿಸಬಹುದೆಂಬ ನಂಬಿಕೆಯಿಂದ. ವಿಧಿವಾದಿಗೆ ಈ ಪದಗಳ ಅಗತ್ಯವೇ ಬೀಳುತ್ತಿರಲಿಲ್ಲ. ಭವಾವಳಿಯೂ ಇದನ್ನೇ ತೋರಿಸುತ್ತದೆ: ಹುಲಿ ಚಕ್ರವರ್ತಿಯಾಗುತ್ತದೆ, ದೇವನು ಅಳುತ್ತಾ ಕೆಳಗಿಳಿಯುತ್ತಾನೆ, ಹೆಂಡತಿ ಮಗನಾಗುತ್ತಾಳೆ. ಯಾವ ಕುಲವೂ ಯಾವ ಲಿಂಗವೂ ಜೀವದ ಸ್ವಂತ ಗುರುತಲ್ಲ ಎಂಬುದನ್ನು ಇದಕ್ಕಿಂತ ಬಲವಾಗಿ ಹೇಳುವ ಕಥಾರೂಪ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಎಲ್ಲಿದೆ? ಕೀಳೆನಿಸಿದವನ ಬಾಯಿ ಮುಚ್ಚಿಸಲು ಕರ್ಮವನ್ನು ಬಳಸಿದವರು ಭವಾವಳಿಯ ಒಂದು ಪುಟವನ್ನು ಮಾತ್ರ ಹರಿದುಕೊಂಡಿದ್ದಾರೆ. ನಮ್ಮ ಪಠ್ಯಗಳೂ ಬೇರೊಂದು ಕಾರಣಕ್ಕೆ ಅದೇ ಕೆಲಸವನ್ನು ಮಾಡಿವೆ.

ಆದುದರಿಂದ ಸಂಶೋಧನೆಗೆ ತೊಡಗುವ ಎಳೆಯ ಮಿತ್ರರಲ್ಲಿ ಒಂದು ನಿವೇದನೆ. ‘ಪಂಪನಲ್ಲಿ ಲೌಕಿಕ’, ‘ಪಂಪನಲ್ಲಿ ಆಗಮಿಕ’ ಎಂದು ಕವಿಯನ್ನು ಎರಡಾಗಿ ಸೀಳುವ ವಿಷಯಗಳು ಸಾಕಷ್ಟಾದವು. ಒಂದೇ ಒಂದು ಜೀವವನ್ನು, ಶ್ರೀಮತಿಯದನ್ನೋ ಶತಮತಿಯದನ್ನೋ, ಹಿಡಿದು ಅದು ಜಿನಸೇನರಲ್ಲಿ ಹೇಗೆ ಸಾಗುತ್ತದೆ, ಕನ್ನಡ ಕವಿ ಎಲ್ಲಿ ತಡೆದು ನಿಲ್ಲುತ್ತಾನೆ, ಎಲ್ಲಿ ವೇಗವಾಗಿ ದಾಟುತ್ತಾನೆ ಎಂದು ಪದ್ಯಪದ್ಯವಾಗಿ ಹೋಲಿಸಿ ನೋಡಿರಿ. ಕವಿಯ ಪ್ರತಿಭೆ ಭವಾವಳಿಯ ಹೊರಗೆ ಕೆಲಸ ಮಾಡಿದೆಯೋ ಒಳಗೋ ಎಂಬುದು ಆಗ ನಿಮಗೇ ತಿಳಿಯುತ್ತದೆ. ಪಠ್ಯಸಮಿತಿಗಳಲ್ಲಿ ಕುಳಿತಿರುವ ಹಿರಿಯರು ಮುಂದಿನ ಸಲ ಆದಿಪುರಾಣದಿಂದ ಆಯ್ಕೆ ಮಾಡುವಾಗ ವಜ್ರಜಂಘ-ಶ್ರೀಮತಿಯರ ಮರಣದ ಪಕ್ಕದಲ್ಲಿ ಶ್ರೇಯಾಂಸನ ದಾನವನ್ನೂ ಇಡಲಿ. ಅಷ್ಟು ಮಾಡಿದರೂ ಪಂಪನಿಗೆ ನಾವು ತೀರಿಸಬೇಕಾದ ಸಾಲದಲ್ಲಿ ಒಂದು ಕಂತು ಸಂದಂತಾಗುತ್ತದೆ.