ಮನೆಯಾಕೆಯ ಮಾತು: ನಮ್ಮೂರನ್ನು ನಾವೇ ನೋಡಿದ್ದೇವೆಯೇ?



ನೆಂಟರು ಊರು ನೋಡಲು ಬಂದರೆ ನೀವೇನು ಮಾಡುತ್ತೀರಿ? ನಾನಂತೂ ಒಲೆ ಮುಂದೆ ನಿಲ್ಲುತ್ತೇನೆ. ಗೊರೂರಿಗೆ ಸೊಸೆಯಾಗಿ ಬಂದು 22 ವರ್ಷವಾಯಿತು. "ನೀವು ಹೋಗಿ ನೋಡ್ಕೊಂಡು ಬನ್ನಿ, ಅಷ್ಟರಲ್ಲಿ ಅಡುಗೆ ಆಗಿರುತ್ತೆ" ಎಂದು ಎಷ್ಟು ಜನರನ್ನು ಕಳಿಸಿದ್ದೇನೋ!

ನೋಡುವುದಕ್ಕೇನು ಕಡಿಮೆಯೇ? ಹೇಮಾವತಿಯ ದಂಡೆಯಲ್ಲಿ ಯೋಗಾನರಸಿಂಹಸ್ವಾಮಿ, ತ್ರಿಕೂಟೇಶ್ವರನ ಗುಡಿಗಳಿವೆ. ನಮ್ಮ ಹಳ್ಳಿಗಳ ಜನರನ್ನು ನಗುನಗುತ್ತಾ ಚಿತ್ರಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು 1904ರಲ್ಲಿ ಹುಟ್ಟಿದ ಊರಿದು. 1979ರಲ್ಲಿ ಮುಗಿದ ಅಣೆಕಟ್ಟು ನಾಲ್ಕೂವರೆ ಕಿಲೋಮೀಟರಿಗೂ ಉದ್ದ. ಮಳೆಗಾಲದಲ್ಲಿ ಗೇಟು ಎತ್ತಿದರೆ ಜನವೋ ಜನ.

ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ಮಾತ್ರ ನಾನು ಕಂಡಿರಲಿಲ್ಲ. ಹೋದ ಬೇಸಿಗೆಯಲ್ಲಿ ತಂಗಿಯ ಮಕ್ಕಳು ಹಟ ಹಿಡಿದರು. ಎಂದೂ ಹೊಸಿಲು ದಾಟದ ಅತ್ತೆಯವರು "ನಾನೂ ಬರ್ತೀನಿ ಕಣಮ್ಮ" ಎಂದಾಗ ನನಗೆ ಆಶ್ಚರ್ಯ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಹತ್ತಿರ ನಡೆದುಹೋಗಬಹುದು. ಸೂರಿಲ್ಲ, ಎತ್ತರದ ಕಮಾನುಗಳಷ್ಟೇ ನಿಂತಿವೆ. ಮಕ್ಕಳು ಫೋಟೋ ತೆಗೆಯುತ್ತಿದ್ದರು. ಅತ್ತೆಯವರು ಚರ್ಚಿನ ಕಡೆ ನೋಡಲೇ ಇಲ್ಲ, ನೀರಿನ ಕಡೆ ತಿರುಗಿ ನಿಂತಿದ್ದರು.

"ಅಲ್ಲೇ ಎಲ್ಲೋ ನಮ್ಮಪ್ಪನ ಮನೆ. ಹಿತ್ತಲಲ್ಲಿ ಎರಡು ಹಲಸಿನ ಮರ ಇತ್ತು."

ಅವರ ತವರೂರು ಮುಳುಗಡೆಯಾದದ್ದು ನನಗೆ ಗೊತ್ತಿತ್ತು. ಆದರೆ ಒಂದು ಸಲ ಹೋಗಿ ಬರೋಣವೇ ಅಂತ 22 ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ. ಈ ನೀರಿನಿಂದಲೇ ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಗದ್ದೆ ಹಸಿರಾಗಿದೆ, ಒಪ್ಪೋಣ. ಅದಕ್ಕಾಗಿ ತವರು ಬಿಟ್ಟುಕೊಟ್ಟವರು ನಮ್ಮ ಮನೆಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರಲ್ಲ!

ನೀವೂ ಹೊರಡುವುದಾದರೆ ಒಂದೆರಡು ಮಾತು. ಹಾಸನದಿಂದ ಗೊರೂರು ಸುಮಾರು 22 ಕಿಲೋಮೀಟರ್. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ, ಆಧಾರ್ ಕಾರ್ಡು ಮರೆಯಬೇಡಿ. ಚರ್ಚಿಗೆ ಆಟೋ ಮಾಡಿಕೊಂಡರೆ ವಯಸ್ಸಾದವರಿಗೆ ಸುಲಭ. ಪುಳಿಯೋಗರೆ, ಮೊಸರನ್ನ, ಕುಡಿಯುವ ನೀರು, ಕೊಡೆ ಜೊತೆಗಿರಲಿ. ಬಹಿರ್ದೆಸೆಯ ಅನುಕೂಲವನ್ನು ಹಾಸನದ ಬಸ್‌ಸ್ಟ್ಯಾಂಡಿನಲ್ಲೇ ಮುಗಿಸಿಕೊಳ್ಳಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ, ಶಿಥಿಲವಾದ ಗೋಡೆಯ ಕೆಳಗೆ ಕೂರಿಸಬೇಡಿ.

ಹೊರಡುವ ಮುಂಚೆ ಮನೆಯ ಹಿರಿಯರನ್ನು "ನೀವೂ ಬರ್ತೀರಾ?" ಅಂತ ಒಂದು ಮಾತು ಕೇಳಿ. ಅವತ್ತು ಅಡುಗೆ ತಡವಾದರೆ ಆಗಲಿ ಬಿಡಿ.