ಲ್ಯಾಪ್‌ಟಾಪಲ್ಲಿ 'ಆಫ್' ಅಂತ ಬಂದ್ರೆ ಮೋಟರ್ ನಿಂತಿದೆ ಅಂತಲ್ಲ

ಹೋದ ವಾರ ಡೈರಿ ಹತ್ರ ಇಬ್ಬರು ಕೇಳಿದ್ರು, "ನಿಮ್ಮ ತೋಟಕ್ಕೆ ಕಂಪ್ಯೂಟರೇ ನೀರು ಬಿಡ್ತದಂತೆ, ನಮಗೂ ಹಾಕಿಸ್ಕೊಡಿ" ಅಂತ. ಹಾಕಿಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಾನು ಒಂದು ಮೋಟರ್ ಸುಟ್ಟುಕೊಂಡು ಕಲಿತಿದ್ದನ್ನ ಮೊದಲು ಓದಿ.

ನಮ್ದು 2 ಎಕರೆ ಹಿಪ್ಪುನೇರಳೆ, ಪೂರಾ ಡ್ರಿಪ್. ಇಂಜಿನಿಯರಿಂಗ್ ಓದ್ತಿದ್ದ ಅಕ್ಕನ ಮಗ ಪ್ರಾಜೆಕ್ಟಿಗೆ ಅಂತ ಒಂದು ಡೇಟಾ ಅಕ್ವಿಸಿಷನ್ ಕಾರ್ಡ್ ತಂದ. ಅಂಗೈ ಅಗಲದ ಡಬ್ಬಿ, ಲ್ಯಾಪ್‌ಟಾಪಿಗೆ ಯುಎಸ್‌ಬಿ ವೈರು. ಮಣ್ಣಿನ ತೇವ ಎಷ್ಟಿದೆ ಅಂತ ಸೆನ್ಸರಿಂದ ಓದ್ಕೊಳ್ಳುತ್ತೆ, ಒಣಗಿದ್ರೆ ಒಂದು ಪಿನ್ನಿಗೆ 5 ವೋಲ್ಟ್ ಕೊಡುತ್ತೆ. ಆ 5 ವೋಲ್ಟಿಗೆ ಮೋಟರ್ ಎಲ್ಲಿ ಏಳುತ್ತೆ? ಅದಕ್ಕೇ ನಡುವೆ ಸಾಲಿಡ್ ಸ್ಟೇಟ್ ರಿಲೇ ಹಾಕೋದು. ಸ್ಟಾರ್ಟರಿನ ರಿಲೇ ಥರ ಇದು ಟಪ್ ಅನ್ನಲ್ಲ, ಅಲ್ಲಾಡೋ ಪಾಯಿಂಟೇ ಇಲ್ಲ. ಒಳಗೊಂದು ಪುಟ್ಟ ಎಲ್‌ಇಡಿ ಹತ್ತಿದ್ರೆ, ಆ ಬೆಳಕಿಗೆ ಆಚೆ ಕಡೆ ಕರೆಂಟು ದಾರಿ ಬಿಡುತ್ತೆ.

ಮೊದಲನೇ ದಿನ ರಿಲೇ ಸರಿಯಾಗಿ ಹಿಡೀಲೇ ಇಲ್ಲ. ಮೇಲೆ 3ರಿಂದ 32 ವೋಲ್ಟ್ ಅಂತ ಬರೆದಿತ್ತು, ನಮ್ಮದು 5, ಸಾಕಾಗ್ಬೇಕಿತ್ತು. ವೋಲ್ಟ್ ಸಾಕು, ಕರೆಂಟು ಸಾಲ್ದು. ರಿಲೇ 10 ಮಿಲಿಆಂಪ್ ಹತ್ರ ಕೇಳುತ್ತೆ, ಇಂಥ ಕಾರ್ಡುಗಳ ಪಿನ್ನು ಎಷ್ಟೋ ಸಲ ಅದಕ್ಕಿಂತ ಕಮ್ಮೀನೇ ಕೊಡೋದು. ಯುಎಲ್‌ಎನ್ 2003 ಅನ್ನೋ ಸಣ್ಣ ಚಿಪ್ಪು ನಡುವೆ ಹಾಕಿ, ಅದಕ್ಕೆ ಬೇರೆ 12 ವೋಲ್ಟಿನ ಅಡಾಪ್ಟರ್ ಕೊಟ್ಟು, ಎರಡರ ಗ್ರೌಂಡ್ ವೈರನ್ನೂ ಒಂದು ಮಾಡಿದ ಮೇಲೆ ಸರಿಹೋಯ್ತು. ಹೇಳೋದು ಕಾರ್ಡು, ಭಾರ ಹೊರೋದು ಚಿಪ್ಪು.

ಇಷ್ಟರಲ್ಲೇ ನಿಲ್ಲಿಸಿ ಗೇಟ್ ವಾಲ್ವ್ ಜಾಗದಲ್ಲಿ 24 ವೋಲ್ಟ್ ಎಸಿ ವಾಲ್ವು ಮಾತ್ರ ನಡೆಸಿದ್ರೆ ಚೆನ್ನಾಗಿರ್ತಿತ್ತು. ನಮಗೆ ಆಸೆ ಜಾಸ್ತಿ. "ಮಾವ, ಮೋಟರನ್ನೂ ಇದಕ್ಕೇ ಕೊಡೋಣ" ಅಂದ. ಹೂಂ ಅಂದೆ. ಸ್ಟಾರ್ಟರಿನ ಹೋಲ್ಡಿಂಗ್ ವೈರ್ ಬಿಚ್ಚಿ, ಹಸಿರು ಬಟನ್ನಿಗೆ ಅಡ್ಡಲಾಗಿ ರಿಲೇ ಕೊಟ್ಟ. ಎರಡು ತಿಂಗಳು ರಾಜನ ಹಾಗೆ ನಡೀತು.

ಒಂದು ರಾತ್ರಿ ನಾನು ನಾಮಕರಣಕ್ಕೆ ಅಂತ ಬೇರೆ ಊರಲ್ಲಿದ್ದೆ. ನಮ್ಮನೆಯವಳು ಫೋನ್ ಮಾಡಿದ್ಳು: "ಏನ್ರೀ, ನೀರು ಬರ್ತಿಲ್ಲ, ಮೋಟರ್ ಓಡ್ತಾನೇ ಐತೆ. ಕೆಂಪು ಬಟನ್ ಒತ್ತಿದ್ರೆ ನಿಲ್ತದೆ, ಕೈ ಬಿಟ್ರೆ ಮತ್ತೆ ಹಿಡ್ಕೊಳ್ತದೆ." ಲ್ಯಾಪ್‌ಟಾಪಲ್ಲಿ 'ಆಫ್' ಅಂತಾನೇ ತೋರಿಸ್ತಿತ್ತಂತೆ. ಮೇನ್ ಸ್ವಿಚ್ ಹಿಡಿ ಎಳೆಯಮ್ಮ ಅಂದೆ. ಅಷ್ಟೊತ್ತಿಗೆ ಬೋರಲ್ಲಿ ನೀರಿಲ್ಲದೆ ಓಡಿ ಓಡಿ ವೈಂಡಿಂಗ್ ಸುಟ್ಟಿತ್ತು. ಮೋಟರ್ ಎತ್ತೋ ಗಾಡಿ, ರಿವೈಂಡಿಂಗ್ ಎಲ್ಲಾ ಸೇರಿ 18,000 ರೂಪಾಯಿ. ದುಡ್ಡು ಹೋಗ್ಲಿ, ಕತ್ತಲಲ್ಲಿ ಒದ್ದೆ ನೆಲದ ಮೇಲೆ ಸ್ಟಾರ್ಟರ್ ಮುಂದೆ ಅವಳೊಬ್ಬಳೇ ನಿಂತಿದ್ಳಲ್ಲ, ಅದು ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಆಗಿದ್ದಿಷ್ಟು. ಆ ರಿಲೇ ಮೇಲೆ ಬರೆದಿದ್ದು 380 ವೋಲ್ಟ್ ತನಕ. ನಮ್ಮ ತ್ರೀ ಫೇಸ್ ಸ್ಟಾರ್ಟರಿನ ಕಾಯಿಲ್ ಎರಡು ಫೇಸಿನ ನಡುವೆ, 415 ವೋಲ್ಟಲ್ಲಿ ಕೂತಿರುತ್ತೆ. ರಾತ್ರಿ ಲೋಡ್ ಇಳಿದಾಗ ಅದು ಇನ್ನೂ ಏರುತ್ತೆ. ರಿಲೇ ಸುಟ್ಟು ಒಳಗೇ ಕೂಡ್ಕೊಂಡಿತ್ತು. ಈ ಜಾತಿ ರಿಲೇ ಕೆಟ್ಟರೆ ಹೆಚ್ಚಾಗಿ 'ಆನ್' ಆಗಿಯೇ ಕೆಡೋದು. ಡ್ರೈ ರನ್ ಪ್ರಿವೆಂಟರ್ ಹಾಕಿರಲಿಲ್ಲ, ಅದು ನನ್ನ ತಪ್ಪು.

"480 ವೋಲ್ಟಿಂದು ಹಾಕೋಣ ಮಾವ" ಅಂದ ಹುಡುಗ. ಅದು ಸರೀನೇ, ಆದ್ರೆ ಸಾಲ್ದು. ಎಷ್ಟು ವೋಲ್ಟಿಂದಾದ್ರೂ ಒಂದಿನ ಕೆಡುತ್ತೆ. ನನ್ನ ಪ್ರಕಾರ ತೋಟದ ಯಂತ್ರಕ್ಕೆ ಪರೀಕ್ಷೆ ಒಂದೇ: ಅದನ್ನ ಕಟ್ಟಿದವನಲ್ಲ, ಮನೇಲಿರೋರು ಒಂದೇ ಏಟಿಗೆ ನಿಲ್ಲಿಸಕ್ಕಾಗ್ಬೇಕು. ಆಗಲ್ಲ ಅಂದ್ರೆ ಅದು ಎಷ್ಟು ಸ್ಮಾರ್ಟಾದ್ರೂ ನಮಗೆ ಬೇಡ.

ಈಗ ನಮ್ಮಲ್ಲಿ ಸ್ಟಾರ್ಟರಿನ ಕಾಯಿಲ್ ಲೈನಲ್ಲಿ ಆಟೋ–ಆಫ್–ಮ್ಯಾನ್ಯುಯಲ್ ಅಂತ ತಿರುಗಿಸೋ ಸ್ವಿಚ್ ಇದೆ. ಆಫ್‌ಗೆ ತಿರುಗಿಸಿದ್ರೆ ಅಲ್ಲೇ ನಿಲ್ಲುತ್ತೆ, ಕೈ ಬಿಟ್ರೂ ವಾಪಸ್ ಬರಲ್ಲ. ಪ್ರಿವೆಂಟರೂ ಅದೇ ಲೈನಲ್ಲಿದೆ. ಸಾಲಿಡ್ ಸ್ಟೇಟ್ ರಿಲೇ ವಾಲ್ವುಗಳಿಗೆ ಮಾತ್ರ.

ಹಾಕಿಸೋರು ಇನ್ನೆರಡು ಮಾತು ನೆನಪಿಟ್ಕೊಳ್ಳಿ. ಒಂದು, ಎಸಿ ರಿಲೇನ ಡಿಸಿ ವಾಲ್ವಿಗೆ ಕೊಡಬೇಡಿ, ಒಮ್ಮೆ ಹಿಡಿದಿದ್ದು ಬಿಡಲ್ಲ. ಎರಡು, ಎಸಿ ಲೈನಲ್ಲಿ ಈ ರಿಲೇ ಆಫ್ ಆಗಿದ್ರೂ ಸ್ವಲ್ಪ ಕರೆಂಟು ಜಿನುಗ್ತಾ ಇರುತ್ತೆ, ಟೆಸ್ಟರ್ ಹತ್ತುತ್ತೆ. ಮೇನ್ ಇಳಿಸದೆ ಯಾರೂ ವೈರಿಗೆ ಕೈ ಹಾಕಬೇಡಿ.

ನೋಡೋ ಮನಸ್ಸಿದ್ರೆ ಸಾಯಂಕಾಲ ತೋಟದ ಕಡೆ ಬನ್ನಿ. ನಾನಿಲ್ಲದಿದ್ರೂ ಪರ್ವಾಗಿಲ್ಲ, ನಮ್ಮನೆಯವಳೇ ನಿಲ್ಲಿಸಿ ತೋರಿಸ್ತಾಳೆ.