ಆತ್ಮಾವಲೋಕನ ಯಾರದು?

‘ಸಮುದಾಯವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ’ ಎಂಬ ಮಾತು ನಮ್ಮ ಸಭೆ, ಸಮ್ಮೇಳನಗಳಲ್ಲಿ ಪದೇ ಪದೇ ಕೇಳಿ ಬರುತ್ತದೆ. ಸಭಿಕರು ತಲೆದೂಗುತ್ತಾರೆ. ಆದರೆ ಅದನ್ನು ಉಲಮಾಗಳು ಮಾಡಿಕೊಳ್ಳಬೇಕೆಂದು ಯುವಕರೂ, ಯುವಕರು ಮಾಡಿಕೊಳ್ಳಬೇಕೆಂದು ಜಮಾಅತಿನ ಹಿರಿಯರೂ ಭಾವಿಸಿ ಮನೆಗೆ ಮರಳುತ್ತಾರೆ. ಮಾಡುವ ವಿಧಾನವನ್ನು ಮಾತ್ರ ಯಾರೂ ಹೇಳುವುದಿಲ್ಲ.

ವಸ್ತುತಃ ಇದು ನಿತ್ಯ ಅಭ್ಯಾಸದಿಂದ ಮಾತ್ರ ಸಾಧ್ಯವಾಗುವ ಕೆಲಸ. ಕ್ರಿ.ಶ. 857ರಲ್ಲಿ ನಿಧನರಾದ ಬಗ್ದಾದಿನ ಹಾರಿಸ್ ಅಲ್ ಮುಹಾಸಿಬಿಯವರಿಗೆ ಆ ಹೆಸರು ಬಂದುದೇ ‘ಮುಹಾಸಬ’ದಿಂದ, ಅಂದರೆ ತನ್ನ ಲೆಕ್ಕವನ್ನು ತಾನೇ ಪರಿಶೀಲಿಸುವ ರೂಢಿಯಿಂದ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಇದಕ್ಕಾಗಿ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟರು. ಅವರ ಪ್ರಕಾರ ಮನಸ್ಸು ವ್ಯಾಪಾರದ ಪಾಲುದಾರನಂತೆ. ಬೆಳಗ್ಗೆ ಷರತ್ತು ಹಾಕಬೇಕು, ಹಗಲಿಡೀ ಕಣ್ಣಿಟ್ಟಿರಬೇಕು, ದಿನದ ಕೊನೆಗೆ ಲಾಭ ನಷ್ಟ ನೋಡಬೇಕು. ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ನಿದ್ದೆಗೆಡುವ ನಮ್ಮ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಲೆಕ್ಕಕ್ಕೆ ಒಳಪಡಬೇಕಾದುದು ಕರ್ಮಗಳು ಮಾತ್ರವಲ್ಲ, ನಮ್ಮ ಆಲೋಚನಾ ಕ್ರಮವೂ ಹೌದು. 1960ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. 2, 4, 6 ಎಂಬ ಸಂಖ್ಯೆಗಳು ಒಂದು ನಿಯಮವನ್ನು ಅನುಸರಿಸುತ್ತವೆ. ಬೇರೆ ಸಂಖ್ಯೆಗಳನ್ನು ಹೇಳಿ ನೋಡುತ್ತಾ ಆ ನಿಯಮವನ್ನು ಪತ್ತೆ ಹಚ್ಚಬೇಕು. ಹೆಚ್ಚಿನವರು 8, 10, 12ರಂತಹ ಸಂಖ್ಯೆಗಳನ್ನೇ ಹೇಳುತ್ತಾ ಹೋದರು. ಪ್ರತಿ ಸಲವೂ ‘ಸರಿ’ ಎಂಬ ಉತ್ತರ ಸಿಕ್ಕಿತು. ಎರಡೆರಡು ಏರುವುದೇ ನಿಯಮವೆಂದು ಖಾತ್ರಿಯಿಂದ ಘೋಷಿಸಿದರು. ಅದು ತಪ್ಪಾಗಿತ್ತು. ಏರಿಕೆಯ ಕ್ರಮದಲ್ಲಿರುವ ಯಾವುದೇ ಮೂರು ಸಂಖ್ಯೆಗಳು ಸಾಕಾಗಿದ್ದವು. ತಮ್ಮ ಊಹೆಯನ್ನು ಸುಳ್ಳಾಗಿಸಬಹುದಾದ 1, 2, 50ರಂತಹ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ.

ನಮ್ಮ ರಾಜಕೀಯ ಚರ್ಚೆಗಳೂ ಬಹುತೇಕ ಹೀಗೆಯೇ. 2006ರ ಸಾಚಾರ್ ಸಮಿತಿ ವರದಿಯನ್ನೇ ನೋಡಿ. ಸರಕಾರಿ ಉದ್ಯೋಗದಲ್ಲಿ ಮುಸ್ಲಿಮರ ಪಾಲು ಎಷ್ಟು ಕಡಿಮೆ ಎಂಬುದು ನಮ್ಮ ಭಾಷಣಕಾರರಿಗೆ ಕಂಠಪಾಠವಾಗಿದೆ. ಅದು ಹೇಳಲೇಬೇಕಾದ ಸತ್ಯ. ಆದರೆ 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲೇರಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದೂ ಅದೇ ವರದಿ ಹೇಳಿತ್ತು. ಬಡತನ, ಸಮೀಪದಲ್ಲಿ ಶಾಲೆ ಇಲ್ಲದಿರುವುದು ಇದಕ್ಕೆ ಕಾರಣಗಳೆಂಬುದು ನಿಜ. ಹಾಗಿದ್ದರೂ ತಮ್ಮ ಮೊಹಲ್ಲಾದಲ್ಲಿ ಅಂತಹ ಮಕ್ಕಳೆಷ್ಟು ಎಂದು ಎಣಿಸಿದ ಜಮಾಅತ್‌ಗಳೆಷ್ಟು? ಇತ್ತ, ಎಲ್ಲಕ್ಕೂ ಮದ್ರಸಗಳೇ ಕಾರಣ ಎನ್ನುವವರೂ ಆ ವರದಿಯನ್ನು ತೆರೆದು ನೋಡಿಲ್ಲ. ಮದ್ರಸಕ್ಕೆ ಸೇರುವ ಮಕ್ಕಳು ಶೇ. 3ರಿಂದ 4ರಷ್ಟೇ ಎಂದು ಅದರಲ್ಲಿದೆ.

ಅಭ್ಯಾಸಕ್ಕೆ ಒಂದು ನೋಟ್ ಪುಸ್ತಕ ಸಾಕು. ಇಂದು ನಿಮ್ಮನ್ನು ಕೆರಳಿಸಿದ ಸುದ್ದಿಯೊಂದನ್ನು ಬರೆಯಿರಿ. ಅದರಲ್ಲಿನ ಹೆಸರುಗಳನ್ನು ಅದಲು ಬದಲು ಮಾಡಿ ಪುನಃ ಓದಿ. ನಿಮ್ಮ ತೀರ್ಪು ಬದಲಾಯಿತೇ? ಯಾವ ಪುರಾವೆ ಸಿಕ್ಕರೆ ನಿಮ್ಮ ಅಭಿಪ್ರಾಯವನ್ನು ಬಿಡುವಿರಿ ಎಂದು ಕೆಳಗೆ ಒಂದು ಸಾಲು ಬರೆಯಿರಿ. ಆ ಸಾಲು ಖಾಲಿ ಉಳಿಯುವ ವಿಷಯಗಳಿಗೆ ಗುರುತು ಹಾಕಿ. ಆದರ್ಶಗಳ ಪರೀಕ್ಷೆ ಇನ್ನೂ ಕಠಿಣ. ಸರಳ ವಿವಾಹವನ್ನೂ ಹೆಣ್ಮಕ್ಕಳ ಶಿಕ್ಷಣವನ್ನೂ ಬೆಂಬಲಿಸುವವರು ಮನೆಯ ಖರ್ಚಿನ ಲೆಕ್ಕ ತೆಗೆಯಲಿ. ಕಾಲೇಜು ಶುಲ್ಕಕ್ಕೆಷ್ಟು, ಮದುವೆ ಹಾಲ್‌ಗೆ, ಚಿನ್ನಕ್ಕೆ ಎಷ್ಟು?

ಬರೆಯಲೇಬೇಕೇ ಎಂದು ಕೆಲವರು ಕೇಳಬಹುದು. ಬರೆಯಲೇಬೇಕೆಂಬುದು ನಮ್ಮ ಅಭಿಪ್ರಾಯ. 13 ಗುಣಗಳ ಪಟ್ಟಿ ಮಾಡಿ, ಪ್ರತಿದಿನ ತಪ್ಪುಗಳಿಗೆ ಕಪ್ಪು ಚುಕ್ಕೆ ಇಡುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್, ತಾನೆಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ದೋಷಗಳನ್ನು ಕಂಡು ಬೆರಗಾದುದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಮೊದಲ ಪಟ್ಟಿಯಲ್ಲಿ ವಿನಯವೇ ಇರಲಿಲ್ಲ. ಸ್ನೇಹಿತನೊಬ್ಬ ಎಚ್ಚರಿಸಿದ ಮೇಲೆ ಸೇರಿಸಿದರು. ಆದ್ದರಿಂದ ವಾರಕ್ಕೊಮ್ಮೆ ಆ ಪುಸ್ತಕವನ್ನು ಪತ್ನಿಗೋ ಪತಿಗೋ ಆಪ್ತರಿಗೋ ತೋರಿಸುವುದು ಒಳ್ಳೆಯದು.

ಹೀಗೆ ತನ್ನನ್ನೇ ಕೆದಕುತ್ತಾ ಕೂತರೆ ಸಮಾಜದ ಕೆಲಸ ನಿಲ್ಲುವುದಿಲ್ಲವೇ ಎಂಬ ಆಕ್ಷೇಪವೂ ಇದೆ. ಬಗ್ದಾದಿನ ನಿಝಾಮಿಯಾದಲ್ಲಿ ಬೋಧಿಸುತ್ತಿದ್ದ ಗಝ್ಝಾಲಿಯವರು ತನ್ನ ಬೋಧನೆಯ ಹಿಂದಿನ ಉದ್ದೇಶವನ್ನು ಪರಿಶೀಲಿಸಿದಾಗ ಕಂಡದ್ದು ಕೀರ್ತಿಯ ಹಂಬಲ. 1095ರಲ್ಲಿ ಅವರು ಆ ಹುದ್ದೆಯನ್ನು ತೊರೆದರು. 1106ರಲ್ಲಿ ನೈಸಾಪುರದ ನಿಝಾಮಿಯಾದಲ್ಲಿ ಅವರು ಮತ್ತೆ ಪಾಠ ಹೇಳಲು ಕುಳಿತರು.